ಅರ್ಜಿಗೆ ಸಹಿ ಹಾಕಿದ ಅಪ್ಪ ಅಮ್ಮಂದಿರು

ನಾರ್ಮನ್ ರಾಕ್‌ವೆಲ್ ಬರೆದ ಆ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಬಿಳಿ ಫ್ರಾಕು ಹಾಕಿಕೊಂಡ ಪುಟ್ಟ ಕಪ್ಪು ಹುಡುಗಿ. ಕೈಯಲ್ಲಿ ಪುಸ್ತಕ, ಸ್ಕೇಲು. ಮುಂದೆ ಇಬ್ಬರು, ಹಿಂದೆ ಇಬ್ಬರು ಸೂಟು ತೊಟ್ಟ ಗಂಡಸರು. ಅವರ ತಲೆಗಳು ಚಿತ್ರದಲ್ಲಿಲ್ಲ, ಭುಜದ ಹತ್ತಿರಕ್ಕೇ ಚಿತ್ರ ಮುಗಿದುಹೋಗುತ್ತದೆ. ಗೋಡೆಯ ಮೇಲೆ ಒಂದು ಬೈಗುಳ, ಎಸೆದ ಟೊಮೇಟೊ ಒಡೆದ ಕಲೆ. 1964ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಈ ಚಿತ್ರವನ್ನು 2011ರಲ್ಲಿ ಒಬಾಮಾ ಸ್ವಲ್ಪ ಕಾಲ ವೈಟ್ ಹೌಸಿನಲ್ಲಿ ತೂಗುಹಾಕಿಸಿದ್ದರು. ಚಿತ್ರಕ್ಕೆ ಸ್ಫೂರ್ತಿಯಾದ ರೂಬಿ ಬ್ರಿಡ್ಜಸ್ ಅವರನ್ನೇ ಕರೆಸಿ, ಪಕ್ಕದಲ್ಲಿ ನಿಂತು ನೋಡಿದ್ದರು.

ಆ ಚಿತ್ರದಲ್ಲಿ ಒಬ್ಬರು ಇಲ್ಲ. ರೂಬಿಯ ಅಮ್ಮ ಲೂಸಿಲ್.

1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸ್ ಊರಿನಲ್ಲಿ ಅಲ್ಲಿಯ ತನಕ ಬಿಳಿ ಮಕ್ಕಳಿಗಷ್ಟೇ ಇದ್ದ ವಿಲಿಯಂ ಫ್ರಾಂಟ್ಜ್ ಶಾಲೆಗೆ ರೂಬಿ ಹೋದಾಗ ಕಾರಿನಲ್ಲಿ ಅಮ್ಮನೂ ಇದ್ದರು. ಬೊಬ್ಬೆ ಹಾಕುವ ಜನರ ನಡುವೆ ಅವರೂ ನಡೆದರು. ಆ ದಿನ ಪಾಠವೇ ನಡೆಯಲಿಲ್ಲ. ಬಿಳಿ ಅಪ್ಪ ಅಮ್ಮಂದಿರು ಬಂದು ತಮ್ಮ ಮಕ್ಕಳನ್ನು ಕ್ಲಾಸಿನಿಂದ ಎಳೆದುಕೊಂಡು ಹೋಗುತ್ತಿದ್ದರು. ತಾಯಿ ಮಗಳಿಬ್ಬರೂ ಪ್ರಿನ್ಸಿಪಾಲರ ಆಫೀಸಿನಲ್ಲಿ ಕೂತು ಅದನ್ನು ನೋಡುತ್ತಾ ದಿನ ಕಳೆದರು. ಚಿತ್ರಕಾರನನ್ನು ನಾನು ದೂರುವುದಿಲ್ಲ. ಮಗು ಒಂಟಿಯಾಗಿದ್ದರೇ ಚಿತ್ರಕ್ಕೆ ಬಲ. ಆದರೆ ಆರು ವರ್ಷದ ಮಗು ತಾನಾಗಿ ಹೊರಟು ಅಲ್ಲಿಗೆ ಬಂದದ್ದಲ್ಲವಲ್ಲ. ಆ ಫ್ರಾಕನ್ನು ತೊಡಿಸಿದವರು ಯಾರು, ಹೋಗು ಅಂದವರು ಯಾರು, ಆ ಮಾತು ಹೇಳಿದ್ದಕ್ಕೆ ಅವರಿಗೆ ಏನಾಯಿತು ಅನ್ನುವುದು ನಮ್ಮ ನೆನಪಿನಲ್ಲಿ ಬಹಳ ಸಲ ಇರುವುದೇ ಇಲ್ಲ.

ರೂಬಿಯ ಅಪ್ಪ ಏಬನ್ ಬ್ರಿಡ್ಜಸ್‌ಗೆ ಇದು ಸುತಾರಾಂ ಇಷ್ಟವಿರಲಿಲ್ಲ. ಆತ ಕೊರಿಯಾ ಯುದ್ಧದಲ್ಲಿ ದೇಶಕ್ಕಾಗಿ ಹೋರಾಡಿ ಬಂದವರು. ಯುದ್ಧಕ್ಕೆ ಹೋಗಿ ಬಂದರೂ ತನ್ನನ್ನು ಸಮಾನ ಅಂತ ಯಾರೂ ಕಾಣದಿದ್ದಾಗ, ಮಗಳು ಬೇರೆ ಶಾಲೆಗೆ ಹೋದ ಮಾತ್ರಕ್ಕೆ ಏನು ಬದಲಾದೀತು ಅನ್ನುವುದು ಅವರ ಲೆಕ್ಕ. ಲೂಸಿಲ್ ಮಿಸಿಸಿಪ್ಪಿಯ ಹೊಲಗಳಲ್ಲಿ ಬೆಳೆದವರು. ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಹತ್ತಿ ಬಿಡಿಸುತ್ತಿದ್ದವರು. ನನಗೆ ಸಿಗದಿದ್ದದ್ದು ಇವಳಿಗೆ ಸಿಗಲಿ ಅನ್ನುವುದು ಅವರ ಹಟ. ಮನೆಯಲ್ಲಿ ಸಾಕಷ್ಟು ವಾದ ನಡೆದು, ಕೊನೆಗೆ ಲೂಸಿಲ್ ಮಾತು ನಡೆಯಿತು.

ಬೇಕೆಂದೇ ಕಷ್ಟವಾಗಿ ಇಟ್ಟಿದ್ದ ಪ್ರವೇಶ ಪರೀಕ್ಷೆಯಲ್ಲಿ ಪಾಸಾದ ಕಪ್ಪು ಮಕ್ಕಳು ಆರೇ ಆರು. ಅವರಲ್ಲಿ ಇಬ್ಬರು ಹಳೆಯ ಶಾಲೆಯಲ್ಲೇ ಉಳಿದರು. ಮೂವರು ಹೆಣ್ಣುಮಕ್ಕಳು ಮೆಕ್‌ಡೊನೊ 19 ಅನ್ನುವ ಶಾಲೆಗೆ ಹೋದರು. ಫ್ರಾಂಟ್ಜ್ ಶಾಲೆಗೆ ರೂಬಿ ಒಬ್ಬಳೇ. ಬಾಸ್ಟನ್ನಿಂದ ಬಂದಿದ್ದ ಬಾರ್ಬರಾ ಹೆನ್ರಿ ಅನ್ನುವ ಟೀಚರ್ ಇಡೀ ವರ್ಷ ಖಾಲಿ ಕ್ಲಾಸಿನಲ್ಲಿ ಆ ಒಬ್ಬಳಿಗೇ ಪಾಠ ಹೇಳಿದರು. ವಿಷ ಹಾಕುತ್ತೇನೆ ಅಂತ ಹೆಂಗಸೊಬ್ಬಳು ದಿನಾ ಕೂಗುತ್ತಿದ್ದಳು. ಹಾಗಾಗಿ ಮನೆಯಿಂದ ತಂದ ಊಟವನ್ನು ಮಾತ್ರ ತಿನ್ನಬೇಕು ಅಂತ, ಕಾವಲಿಗಿದ್ದ ಆ ಸೂಟಿನ ಗಂಡಸರು, ಅಂದರೆ ಕೇಂದ್ರ ಸರ್ಕಾರದ ಮಾರ್ಷಲ್‌ಗಳು ಕಟ್ಟಪ್ಪಣೆ ಮಾಡಿದ್ದರು. ಅಂದರೆ ಆ ಡಬ್ಬಿಗೆ ಊಟ ಹಾಕುವವರು ದಿನಾ ಬೆಳಗ್ಗೆ ಆ ಕೂಗನ್ನು ನೆನೆಸಿಕೊಂಡೇ ಹಾಕಬೇಕು. ನನ್ನ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ನಾನು ತಲೆಕೆಡಿಸಿಕೊಂಡದ್ದು ವ್ಯಾನು ಎಷ್ಟು ಹೊತ್ತಿಗೆ ಬರುತ್ತದೆ, ಫೀಸು ಎಷ್ಟು ಕಂತು ಅನ್ನುವುದಕ್ಕೆ. ಡಬ್ಬಿಯಲ್ಲಿ ಬಿಟ್ಟುಬಂದ ಬೀನ್ಸ್ ಪಲ್ಯದ ವಿಚಾರಕ್ಕೆ ಜಗಳ ಬೇರೆ.

ಏಬನ್ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಿದ್ದರು. ಆ ಕೆಲಸ ಹೋಯಿತು. ಎಂದಿನ ದಿನಸಿ ಅಂಗಡಿಯವರು ಇನ್ನು ಬರಬೇಡಿ ಅಂದರು. ಮಿಸಿಸಿಪ್ಪಿಯಲ್ಲಿ ಬೇರೆಯವರ ಜಮೀನನ್ನು ವಾರಕ್ಕೆ ಮಾಡುತ್ತಿದ್ದ ರೂಬಿಯ ಅಜ್ಜ ಅಜ್ಜಿಯನ್ನು, ಬಹಳ ವರ್ಷ ಗೇಯ್ದ ಆ ನೆಲದಿಂದ ಎಬ್ಬಿಸಿದರು. ಒಂದು ಮಗು ಒಂದನೇ ಕ್ಲಾಸಿಗೆ ಸೇರಿದ್ದಕ್ಕೆ ಇನ್ನೊಂದು ರಾಜ್ಯದಲ್ಲಿದ್ದ ಮುದುಕರ ಬದುಕೂ ಹೋಯಿತು. ಬೀದಿಯ ಜನ ಮಾತ್ರ ಕೈಬಿಡಲಿಲ್ಲ. ನೆರೆಯವರೊಬ್ಬರು ಏಬನ್‌ಗೆ ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಕೊಟ್ಟರು. ಕೆಲವರು ಬೆಳಗ್ಗೆ ರೂಬಿಯ ಕಾರಿನ ಹಿಂದೆ ಕಾವಲಾಗಿ ನಡೆದರು. ಕೆಲವು ವರ್ಷಗಳಾದ ಮೇಲೆ ಗಂಡ ಹೆಂಡತಿ ಬೇರೆಯಾದರು. ಲೂಸಿಲ್ ತೀರಿಕೊಂಡದ್ದು 2020ರ ನವೆಂಬರ್‌ನಲ್ಲಿ, 86ನೇ ವಯಸ್ಸಿಗೆ. ಆ ಮೊದಲ ದಿನಕ್ಕೆ 60 ವರ್ಷ ತುಂಬಲು ಇನ್ನು ನಾಲ್ಕು ದಿನ ಬಾಕಿ ಇತ್ತು.

ಇವರಿಗಿಂತ ಹಿಂದಿನವರನ್ನೂ ನೋಡಬೇಕು. ಅಮೆರಿಕದಲ್ಲಿ ಕಪ್ಪು ಮಕ್ಕಳಿಗೊಂದು, ಬಿಳಿ ಮಕ್ಕಳಿಗೊಂದು ಸರ್ಕಾರಿ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1954ರ ಮೇ 17ರಂದು. 'ಬ್ರೌನ್ ಕೇಸು' ಅಂತಲೇ ಅದು ಪ್ರಸಿದ್ಧ. ಕಾನ್ಸಾಸ್ ರಾಜ್ಯದ ಟೊಪೀಕಾ ಊರಿನ ಆಲಿವರ್ ಬ್ರೌನ್ ರೈಲ್ವೆ ವರ್ಕ್‌ಶಾಪಿನಲ್ಲಿ ವೆಲ್ಡರ್. ಮನೆಯಿಂದ ಏಳು ಬೀದಿ ದಾಟಿದರೆ ಬಿಳಿಯರ ಶಾಲೆ. ಆದರೆ ಮಗಳು ಲಿಂಡಾ ರೈಲು ಹಳಿಗಳ ಪಕ್ಕ ನಡೆದು, ಬಸ್ಸು ಹಿಡಿದು, ದೂರದ ಕಪ್ಪು ಮಕ್ಕಳ ಶಾಲೆಗೆ ಹೋಗಬೇಕು. 1950ರಲ್ಲಿ ಅಪ್ಪ ಮಗಳ ಕೈಹಿಡಿದು ಹತ್ತಿರದ ಶಾಲೆಗೆ ಹೋದರು, ಒಳಗೆ ಪ್ರಿನ್ಸಿಪಾಲರ ಜೊತೆ ಮಾತಾಡಿದರು. ಒಳಗಿನ ಮಾತು ಏರುತ್ತಿದ್ದದ್ದು ಹೊರಗೆ ಕೂತ ಹುಡುಗಿಗೆ ಕೇಳಿಸುತ್ತಿತ್ತು. ಇಷ್ಟು ಕಥೆ ತುಂಬ ಜನರಿಗೆ ಗೊತ್ತು.

ಟೊಪೀಕಾದಲ್ಲಿ ಕೇಸು ಹಾಕಿದ ಪೋಷಕರು ಒಟ್ಟು 13 ಜನ. ಅವರಲ್ಲಿ ಗಂಡಸು ಅಂದರೆ ಬ್ರೌನ್ ಒಬ್ಬರೇ. ಉಳಿದ 12 ಮಂದಿಯೂ ತಾಯಂದಿರು. ಅವರೂ ಮಕ್ಕಳನ್ನು ಕರೆದುಕೊಂಡು ಶಾಲೆಯ ಬಾಗಿಲಿಗೆ ಹೋಗಿದ್ದವರು, ಅವರೂ ಇಲ್ಲ ಅನ್ನಿಸಿಕೊಂಡು ವಾಪಸ್ಸು ಬಂದವರು. ಕೇಸಿನ ತಲೆಬರಹದಲ್ಲಿ ಒಬ್ಬ ಗಂಡಸಿನ ಹೆಸರು, ಆಮೇಲೆ 'ಇತರರು'. ನಮ್ಮ ಪಹಣಿ ನೋಡಿದವರಿಗೆ ಇದೇನೂ ಹೊಸದಲ್ಲ ಬಿಡಿ.

ಬ್ರೌನ್ ಹೆಸರಿನಡಿ ಸುಪ್ರೀಂ ಕೋರ್ಟಿಗೆ ಒಟ್ಟಿಗೆ ಬಂದದ್ದು ಐದು ಕೇಸು. ಅವುಗಳಲ್ಲಿ ನನ್ನನ್ನು ಜಾಸ್ತಿ ಕಾಡುವುದು ಸೌತ್ ಕ್ಯಾರೊಲಿನಾದ ಕ್ಲ್ಯಾರೆಂಡನ್ ಕೌಂಟಿಯದ್ದು. ಅದು ಶುರುವಾದದ್ದು ಸಮಾನತೆಯ ದೊಡ್ಡ ಮಾತಿನಿಂದ ಅಲ್ಲ, ಒಂದು ಬಸ್ಸಿನಿಂದ. ಬಿಳಿ ಮಕ್ಕಳಿಗೆ ಅಲ್ಲಿ 30 ಶಾಲಾ ಬಸ್ಸುಗಳಿದ್ದವು. ಕಪ್ಪು ಮಕ್ಕಳಿಗೆ ಒಂದೂ ಇಲ್ಲ. ಮೈಲಿಗಟ್ಟಲೆ ನಡೆಯಬೇಕು. ಅಪ್ಪ ಅಮ್ಮಂದಿರೇ ದುಡ್ಡು ಕೂಡಿಸಿ ಹಳೆಯ ಬಸ್ಸೊಂದನ್ನು ಕೊಂಡರು. ಅದು ದಾರಿಯಲ್ಲಿ ನಿಂತುಬಿಡುತ್ತಿತ್ತು. ಓಡಿಸುವ ಖರ್ಚನ್ನಾದರೂ ಕೊಡಿ ಅಂತ ಶಾಲಾ ಮಂಡಳಿಯನ್ನು ಕೇಳಿದರು. ಆಗಲ್ಲ ಅಂದರು.

1947ರಲ್ಲಿ ಲೀವೈ ಪಿಯರ್ಸನ್ ಅನ್ನುವ ರೈತ ಬಸ್ಸಿಗಾಗಿ ಅರ್ಜಿ ಹಾಕಿದರು. ಅದಕ್ಕೆ ಬೆನ್ನೆಲುಬಾಗಿ ನಿಂತವರು ಜೋಸೆಫ್ ಡಿಲೇನ್ ಅನ್ನುವ ಪಾದ್ರಿ, ಮೇಷ್ಟ್ರೂ ಹೌದು. ಕೇಸು ಕೋರ್ಟಿಗೂ ಹೋಯಿತು. ಆದರೆ ಪಿಯರ್ಸನ್ ಜಮೀನು ಎರಡು ಶಾಲಾ ಜಿಲ್ಲೆಗಳ ಗಡಿಯಲ್ಲಿತ್ತು. ಆತ ಕಂದಾಯ ಕಟ್ಟಿದ್ದು ಒಂದು ಕಡೆ, ಮಕ್ಕಳು ಓದುತ್ತಿದ್ದದ್ದು ಇನ್ನೊಂದು ಕಡೆ. ಈ ತಾಂತ್ರಿಕ ನೆಪಕ್ಕೇ 1948ರಲ್ಲಿ ಕೇಸು ಬಿದ್ದುಹೋಯಿತು. ಆಮೇಲೆ ಬಿತ್ತನೆಗೆ, ಗೊಬ್ಬರಕ್ಕೆ ಯಾವ ಬಿಳಿಯನೂ ಸಾಲ ಕೊಡಲಿಲ್ಲ. ಕೊಯ್ಲಿಗೆ ಯಂತ್ರ ಬಾಡಿಗೆಗೆ ಸಿಗಲಿಲ್ಲ. ಬೆಳೆದ ಪೈರು ಹೊಲದಲ್ಲೇ ಕೊಳೆಯಿತು. ಮನೆಯ ಕಡೆ ಗುಂಡು ಹಾರಿತು. ರೈತನನ್ನು ಮುರಿಯಬೇಕಾದರೆ ಜೈಲಿಗೆ ಹಾಕಬೇಕಾಗಿಲ್ಲ, ಕೊಯ್ಲಿನ ಕಾಲದಲ್ಲಿ ಯಂತ್ರ ಕೊಡದಿದ್ದರೆ ಸಾಕು. ಹಳ್ಳಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮುಂದಿನ ಸಲ ವಕೀಲ ತರ್ಗುಡ್ ಮಾರ್ಷಲ್ ಒಬ್ಬರ ಹೆಸರಲ್ಲಿ ಕೇಸು ನಡೆಸಲು ಒಪ್ಪಲಿಲ್ಲ. ಕನಿಷ್ಠ 20 ಜನ ಬೇಕು ಅಂದರು. 1949ರ ನವೆಂಬರ್‌ನಲ್ಲಿ ದೊಡ್ಡವರು ಮಕ್ಕಳು ಸೇರಿ 107 ಜನ ಅರ್ಜಿಗೆ ಸಹಿ ಹಾಕಿದರು. ಬಸ್ಸು ಮಾತ್ರ ಅಲ್ಲ, ಎಲ್ಲದರಲ್ಲೂ ಸಮ ಬೇಕು ಅನ್ನುವುದು ಈ ಸಲದ ಬೇಡಿಕೆ. ಆಗ ಕೌಂಟಿ ಒಂದು ಬಿಳಿ ಮಗುವಿಗೆ ವರ್ಷಕ್ಕೆ 179 ಡಾಲರ್ ಖರ್ಚು ಮಾಡುತ್ತಿತ್ತು, ಕಪ್ಪು ಮಗುವಿಗೆ 43. ಅಕ್ಷರದ ಕ್ರಮದಲ್ಲಿ ಕೇಸಿನ ಮೊದಲ ಹೆಸರು ಹ್ಯಾರಿ ಬ್ರಿಗ್ಸ್ ಅವರದ್ದಾಯಿತು. ನೌಕಾಪಡೆಯಲ್ಲಿದ್ದು ಬಂದವರು, ಪೆಟ್ರೋಲ್ ಬಂಕಿನ ಕೆಲಸಗಾರ. (ಇಲ್ಲೂ ಮಾಜಿ ಸೈನಿಕ, ಇಲ್ಲೂ ಪೆಟ್ರೋಲ್ ಬಂಕು. ದೇಶಕ್ಕೆ ದುಡಿದು ಬಂದ ಕಪ್ಪು ಗಂಡಸಿಗೆ ಆ ಕಾಲದಲ್ಲಿ ಸಿಗುತ್ತಿದ್ದ ಕೆಲಸ ಎಂಥದ್ದು ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.) ಕ್ರಿಸ್ಮಸ್ ಹಿಂದಿನ ಸಂಜೆ ಮಾಲೀಕ ಕೈಗೆ ಒಂದು ಕಾರ್ಟನ್ ಸಿಗರೇಟು ಕೊಟ್ಟು ಕೆಲಸದಿಂದ ತೆಗೆದ. ಹೆಂಡತಿ ಇಲೈಜಾ ಮೋಟೆಲಿನಲ್ಲಿ ರೂಮು ಗುಡಿಸುವ ಕೆಲಸ ಮಾಡುತ್ತಿದ್ದರು. ಹೆಸರು ವಾಪಸ್ಸು ತೆಗೆದುಕೊಳ್ಳಿ ಅಂದಾಗ ಆಗಲ್ಲ ಅಂದರು. ಆ ಕೆಲಸವೂ ಹೋಯಿತು.

ಬ್ರಿಗ್ಸ್ ಮನೆಯ ಹಸು ಒಮ್ಮೆ ಊರಿನ ಬಿಳಿ ಕುಟುಂಬವೊಂದರ ಸ್ಮಶಾನಕ್ಕೆ ನುಗ್ಗಿ ಸಮಾಧಿಕಲ್ಲನ್ನು ತುಳಿಯಿತು ಅಂತ ಹಸುವನ್ನೇ ಬಂಧಿಸಿದರಂತೆ. ಓದಿದಾಗ ನಗು ಬಂತು. ನಕ್ಕ ಮೇಲೆ, ನಗುವಂಥದ್ದೇನೂ ಇಲ್ಲ ಅನ್ನಿಸಿತು. ಮನುಷ್ಯನ ಕೆಲಸ, ಸಾಲ, ಸಂತೆ ಎಲ್ಲ ಮುಗಿದ ಮೇಲೆ ಉಳಿದಿದ್ದು ಕೊಟ್ಟಿಗೆಯ ಹಸು. ಅದನ್ನೂ ಬಿಡಲಿಲ್ಲ. ಹ್ಯಾರಿ ಬೇಸಾಯಕ್ಕೆ ಕೈಹಾಕಿ ನೋಡಿದರು, ಅದೂ ಹತ್ತಲಿಲ್ಲ. ಕೊನೆಗೆ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕೂಲಿಗಾಗಿ ಫ್ಲೋರಿಡಾಕ್ಕೆ ಹೋದರು. ಅಲ್ಲಿಂದ ಮನೆಗೆ ದುಡ್ಡು ಕಳಿಸುತ್ತಿದ್ದರು. ಮಕ್ಕಳ ಓದಿಗಾಗಿ ಸಹಿ ಹಾಕಿದ ಅಪ್ಪ ಅದೇ ಮಕ್ಕಳು ಬೆಳೆಯುವುದನ್ನು ದೂರದಿಂದ ನೋಡಬೇಕಾಯಿತು.

ಡಿಲೇನ್ ಪಾಡು ಇನ್ನೂ ಕಷ್ಟ. ಕೆಲಸ ಹೋಯಿತು. ಮನೆ ಸುಟ್ಟುಹೋಯಿತು. ಬೆಂಕಿ ಆರಿಸುವವರು ಬಂದು, ಇದು ಊರಿನ ಗಡಿಯ ಆಚೆಗಿದೆ ಅಂತ ನಿಂತು ನೋಡಿದರು. 1955ರಲ್ಲಿ ಲೇಕ್ ಸಿಟಿಯಲ್ಲಿದ್ದ ಅವರ ಚರ್ಚಿಗೂ ಬೆಂಕಿ ಬಿತ್ತು. ಮನೆಗೆ ಗುಂಡು ಹಾರಿಸಿದವರ ಕಡೆಗೆ ಒಂದು ರಾತ್ರಿ ಇವರೂ ತಿರುಗಿ ಗುಂಡು ಹಾರಿಸಿ, ಅದೇ ರಾತ್ರಿ ರಾಜ್ಯ ಬಿಟ್ಟರು. ಮತ್ತೆ ಅಲ್ಲಿ ನೆಲೆಸಲು ಆಗಲೇ ಇಲ್ಲ. ಅವರ ಮೇಲಿದ್ದ ವಾರಂಟನ್ನು ರದ್ದು ಮಾಡಿದ್ದು 2000ದಲ್ಲಿ. ಅಷ್ಟರಲ್ಲಿ ಅವರು ಸತ್ತು 26 ವರ್ಷವಾಗಿತ್ತು.

ಇಷ್ಟೆಲ್ಲ ಆದ ಮೇಲೂ ಅವರ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಕಪ್ಪು ಮಕ್ಕಳು ಬಿಳಿ ಮಕ್ಕಳ ಜೊತೆ ಮೊದಲು ಕೂತದ್ದು 1963ರಲ್ಲಿ, ಚಾರ್ಲ್ಸ್‌ಟನ್ ಊರಿನಲ್ಲಿ, 11 ಮಕ್ಕಳು. ಬಸ್ಸಿಗೆ ಅರ್ಜಿ ಹಾಕಿ ಅಷ್ಟು ಹೊತ್ತಿಗೆ 16 ವರ್ಷವಾಗಿತ್ತು. ಅರ್ಜಿ ಹಾಕುವಾಗ ಒಂದನೇ ಕ್ಲಾಸಿನಲ್ಲಿದ್ದ ಮಗುವಿಗೆ ಮದುವೆಯ ವಯಸ್ಸು. ಸಹಿ ಹಾಕಿದ ಎಷ್ಟೋ ತಂದೆ ತಾಯಂದಿರು ಗೆದ್ದದ್ದು ಬೇರೆಯವರ ಮಕ್ಕಳಿಗಾಗಿ.

ಮಿಸಿಸಿಪ್ಪಿಯ ಡ್ರೂ ಅನ್ನುವ ಸಣ್ಣ ಊರಿನ ಹೊರಗೆ, ಹತ್ತಿಯ ಪ್ಲಾಂಟೇಷನ್ನಿನಲ್ಲಿ ಮ್ಯಾಥ್ಯೂ ಕಾರ್ಟರ್ ಮತ್ತು ಮೇ ಬರ್ತಾ ಕಾರ್ಟರ್ ದಂಪತಿ ಇದ್ದರು. 13 ಮಕ್ಕಳು. ಅಲ್ಲಿ ಕಪ್ಪು ಮಕ್ಕಳ ಶಾಲೆಯ ಕ್ಯಾಲೆಂಡರನ್ನು ಬರೆಯುತ್ತಿದ್ದದ್ದು ಹತ್ತಿ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆಗೆ ರಜೆ. ಅದನ್ನು ಸರಿದೂಗಿಸಲು ಉರಿಬಿಸಿಲಿನ ಬೇಸಿಗೆಯಲ್ಲಿ ಪಾಠ. ಕೈಗೆ ಬರುವ ಪುಸ್ತಕಗಳು ಬಿಳಿ ಮಕ್ಕಳು ಓದಿ ಹರಿದು ಬಿಟ್ಟವು.

1964ರ ನಾಗರಿಕ ಹಕ್ಕು ಕಾಯಿದೆ ಬಂದ ಮೇಲೆ ಕೇಂದ್ರದ ಅನುದಾನ ಬೇಕಿದ್ದರೆ ಶಾಲೆಗಳು ಎಲ್ಲರಿಗೂ ಬಾಗಿಲು ತೆರೆಯಬೇಕಾಯಿತು. ದಕ್ಷಿಣದ ಊರುಗಳು ಅದಕ್ಕೊಂದು ಉಪಾಯ ಕಂಡುಹಿಡಿದವು. 'ಆಯ್ಕೆಯ ಸ್ವಾತಂತ್ರ್ಯ' ಅಂತ ಚಂದದ ಹೆಸರಿಟ್ಟು, ಪ್ರತಿ ಮನೆಗೂ ಒಂದು ಫಾರಂ ಕಳಿಸಿದರು. ಯಾವ ಶಾಲೆ ಬೇಕೋ ನೀವೇ ಬರೆದು ಕೊಡಿ. ಧಣಿಯ ಜಮೀನಿನಲ್ಲಿ, ಧಣಿಯ ಮನೆಯಲ್ಲಿ, ಧಣಿಯ ಸಾಲದಲ್ಲಿ ಬದುಕುವವರು ಬಿಳಿಯರ ಶಾಲೆ ಬೇಕು ಅಂತ ಬರೆಯುವ ಧೈರ್ಯ ಮಾಡುವುದಿಲ್ಲ ಅನ್ನುವ ನಂಬಿಕೆ. ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. 1965ರಲ್ಲಿ ಡ್ರೂನಲ್ಲಿ ಹಾಗೆ ಬರೆದು ಕೊಟ್ಟ ಕಪ್ಪು ಕುಟುಂಬ ಒಂದೇ ಒಂದು, ಈ ಕಾರ್ಟರ್ ಅವರದ್ದು.

ಫಾರಂ ಕೊಟ್ಟದ್ದೇ ತಡ, ಜಮೀನಿನ ಮ್ಯಾನೇಜರ್ ಮನೆಗೆ ಬಂದ. ಹೆಸರು ವಾಪಸ್ಸು ತೆಗೆದುಕೊಳ್ಳಿ, ನಿಮ್ಮವರ ಶಾಲೆಯೇ ಒಳ್ಳೆಯದು, ನಿಮಗೆ ತೊಂದರೆ ಬೇಡ ಅಂತ ಬುದ್ಧಿವಾದ ಹೇಳಿದ. ಆಗ ಮೇ ಬರ್ತಾ ಮಾಡಿದ್ದು ಕೇಳಿ. ಕೆನಡಿ 1963ರ ಜೂನ್‌ನಲ್ಲಿ ನಾಗರಿಕ ಹಕ್ಕುಗಳ ಬಗ್ಗೆ ಮಾಡಿದ ಭಾಷಣದ ರೆಕಾರ್ಡು ಅವರ ಮನೆಯಲ್ಲಿತ್ತು. ಅದನ್ನು ಹೊರಗೆ ತಂದು ಹಾಕಿ ಕೇಳಿಸಿದರು. ಆತನಿಗೆ ಹೇಳಲು ಗಂಡನ ಕೈಲಿ ಒಂದು ಮಾತನ್ನೂ ಕೊಟ್ಟು ಕಳಿಸಿದರಂತೆ. ಈ ಮಕ್ಕಳನ್ನು ಹೆತ್ತವಳು ನಾನು, ಹೆರಿಗೆ ನೋವು ತಿಂದವಳು ನಾನು, ನನ್ನ ಮಕ್ಕಳು ಎಲ್ಲಿ ಓದಬೇಕು ಅಂತ ಹೇಳೋಕೆ ಅವನ್ಯಾರು ಅನ್ನುವ ಅರ್ಥದ ಮಾತು.

ಸ್ವಲ್ಪ ದಿನದಲ್ಲೇ ರಾತ್ರಿ ಹೊತ್ತು ಮನೆಯ ಮೇಲೆ ಗುಂಡು ಬಿತ್ತು. ಮನೆಮಂದಿಯೆಲ್ಲ ನೆಲದ ಮೇಲೆ ಮಲಗಲು ಶುರುಮಾಡಿದರು. ಮ್ಯಾಥ್ಯೂ ಬಂದೂಕು ಹಿಡಿದು ಕಾವಲು ಕೂರುತ್ತಿದ್ದರು. ಅಂಗಡಿಯಲ್ಲಿ ಉದ್ರಿ ನಿಂತಿತು. ಕೊನೆಗೆ ಜಮೀನಿನಿಂದಲೂ ಎಬ್ಬಿಸಿದರು. ಕ್ವೇಕರ್ ಪಂಥದವರ ಸೇವಾ ಸಂಸ್ಥೆಯೊಂದು ಕೈಹಿಡಿಯದಿದ್ದರೆ ಇಷ್ಟು ದೊಡ್ಡ ಸಂಸಾರ ಎಲ್ಲಿಗೆ ಹೋಗುತ್ತಿತ್ತೋ.

ಇದೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಕೂತಿರುವುದು ಅವರ ದಿನಚರಿ. ಬೆಳಗ್ಗೆ ಮಕ್ಕಳು ಶಾಲೆಯ ಬಸ್ಸು ಹತ್ತುತ್ತಿದ್ದರು. ಹತ್ತಿಸಿ ಬಂದ ಮೇ ಬರ್ತಾ ಹಾಸಿಗೆಯ ಮೇಲೆ ಬಿದ್ದುಕೊಂಡು ಪ್ರಾರ್ಥನೆ ಮಾಡುತ್ತಿದ್ದರು. ಮನೆಗೆಲಸಕ್ಕೆ ಕೈ ಏಳುತ್ತಿರಲಿಲ್ಲ. ಮಧ್ಯಾಹ್ನ ಬಸ್ಸಿನ ಸದ್ದು ಕೇಳಿದಾಗ ಎದ್ದು ಜಗುಲಿಗೆ ಬರುತ್ತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಇಳಿಯುವುದನ್ನು ನೋಡುತ್ತಿದ್ದರು. ಎಲ್ಲರೂ ಇಳಿದ ಮೇಲೆ ಮರುದಿನ ಬೆಳಗಿನ ತನಕ ಬಿಡುಗಡೆ. ಇದು ಮುಂದೆ ಅವರೇ ಹೇಳಿಕೊಂಡದ್ದು. ಮೆರವಣಿಗೆಯಲ್ಲಿ ಘೋಷಣೆ ಕೂಗಲು ಬೇಕಾದ ಧೈರ್ಯ ಒಂದು. ಅದಕ್ಕೆ ಜೊತೆಗಾರರಿರುತ್ತಾರೆ, ಹಾಡಿರುತ್ತದೆ. ಹಾಸಿಗೆಯ ಮೇಲೆ ಒಬ್ಬರೇ ಬಿದ್ದುಕೊಂಡು ಗಂಟೆ ಎಣಿಸಿ, ನಾಳೆ ಬೆಳಗ್ಗೆ ಮತ್ತೆ ತಲೆ ಬಾಚಿ ಕಳಿಸುವ ಧೈರ್ಯಕ್ಕೆ ಫೋಟೋಗ್ರಾಫರ್ ಬರುವುದಿಲ್ಲ.

ಮಕ್ಕಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಬೈಗುಳ ದಿನಾ ಇತ್ತು. ವರ್ಷಗಟ್ಟಲೆ ಆ ಊರಿನ ಬಿಳಿ ಶಾಲೆಗಳಲ್ಲಿ ಇದ್ದ ಕಪ್ಪು ಮಕ್ಕಳು ಇವರಷ್ಟೇ. 1967ರಲ್ಲಿ ಮೇ ಬರ್ತಾ ಕೋರ್ಟಿಗೆ ಹೋದರು. ವಕೀಲೆ ಮರಿಯನ್ ರೈಟ್, ಮುಂದೆ ಮಕ್ಕಳ ಹಕ್ಕಿನ ಕೆಲಸಕ್ಕೆ ದೇಶಕ್ಕೇ ಹೆಸರಾದವರು. 1969ರಲ್ಲಿ 'ಆಯ್ಕೆಯ ಸ್ವಾತಂತ್ರ್ಯ'ದ ಆಟ ಡ್ರೂನಲ್ಲಿ ಮುಗಿಯಿತು. ಆ ಶಾಲೆಗಳಲ್ಲಿ ಓದಿದ ಎಂಟು ಮಕ್ಕಳಲ್ಲಿ ಏಳು ಜನ ಮಿಸಿಸಿಪ್ಪಿ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. 1962ರಲ್ಲಿ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಸೇರಿಸಲು ಸೈನ್ಯ ಕಳಿಸಬೇಕಾಗಿ ಬಂದಿತ್ತಲ್ಲ, ಅದೇ ವಿಶ್ವವಿದ್ಯಾಲಯ.

ಈ ಅಪ್ಪ ಅಮ್ಮಂದಿರ ಬಗ್ಗೆ ಒಂದು ಕಷ್ಟದ ಪ್ರಶ್ನೆ ಇದೆ. ದೊಡ್ಡವರ ಜಗಳಕ್ಕೆ ಮಕ್ಕಳನ್ನು ಮುಂದೆ ಬಿಡುವುದು ಸರಿಯೇ? ಇದನ್ನು ಜೋರಾಗಿ ಕೇಳಿದವರು ಹನ್ನಾ ಅರೆಂಟ್. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯೆಹೂದಿ ಚಿಂತಕಿ, ಹಾಗಾಗಿ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಗುಂಪೊಂದು ಕಪ್ಪು ಹುಡುಗಿಯ ಬೆನ್ನಟ್ಟಿದ ಫೋಟೋ ನೋಡಿ ಅವರು ಬರೆದ ಲೇಖನ 1959ರಲ್ಲಿ ಪ್ರಕಟವಾಯಿತು. ಜಗತ್ತನ್ನು ಬದಲಾಯಿಸುವ ಹೊರೆಯನ್ನು ಈಗ ಮಕ್ಕಳ ಮೇಲೆ ಹಾಕುವ ಸ್ಥಿತಿಗೆ ಬಂದೆವೇ ಅನ್ನುವುದು ಅವರ ಆಕ್ಷೇಪ. ಆ ಹುಡುಗಿಯ ಅಪ್ಪ ಅಮ್ಮ ಎಲ್ಲಿ ಅನ್ನುವ ದೂರೂ ಅದರಲ್ಲಿತ್ತು.

ಕಪ್ಪು ಲೇಖಕ ರಾಲ್ಫ್ ಎಲಿಸನ್ ಇದಕ್ಕೆ ಉತ್ತರ ಕೊಟ್ಟರು. ಬೊಬ್ಬೆ ಹಾಕುವ ಜನರ ಸಾಲಿನ ನಡುವೆ ಮಗುವನ್ನು ಕಳಿಸುವಾಗ ಕಪ್ಪು ತಂದೆ ತಾಯಿಯ ತಲೆಯಲ್ಲಿ ಏನು ಓಡುತ್ತದೆ ಅನ್ನುವುದು ಅರೆಂಟ್‌ಗೆ ಗೊತ್ತಿಲ್ಲ ಅಂದರು. ಆ ಮಗು ಹೇಗಿದ್ದರೂ ಈ ದ್ವೇಷವನ್ನು ಎದುರಿಸಲೇಬೇಕು. ಮನೆಯಲ್ಲಿ ಕೂತರೂ ಅದು ಹುಡುಕಿಕೊಂಡು ಬರುತ್ತದೆ. ಹೆದರಿಕೆಯನ್ನು ಎದುರಿಸಿ ನಿಲ್ಲುವುದನ್ನು ಕಲಿಸುವುದೂ ಆ ತಂದೆ ತಾಯಂದಿರ ಪಾಲಿಗೆ ಮಕ್ಕಳನ್ನು ಬೆಳೆಸುವುದರ ಒಂದು ಭಾಗ. 1965ರಲ್ಲಿ ಅರೆಂಟ್ ಎಲಿಸನ್‌ಗೆ ಕಾಗದ ಬರೆದು, ನೀವು ಹೇಳಿದ್ದು ಸರಿ, ನಾನು ಅರ್ಥ ಮಾಡಿಕೊಂಡಿರಲಿಲ್ಲ ಅಂತ ಒಪ್ಪಿಕೊಂಡರು. ದೊಡ್ಡ ಹೆಸರಿನವರು ಹೀಗೆ ಒಪ್ಪಿಕೊಳ್ಳುವುದು ಅಪರೂಪ. ಅದಕ್ಕೇ ಈ ಜಗಳ ನನಗೆ ಇಷ್ಟ.

ನಾನು ಎಲಿಸನ್ ಪಕ್ಷ. ಆದರೂ ಅರೆಂಟ್ ಕೇಳಿದ್ದು ಕೇಳಬಾರದ ಪ್ರಶ್ನೆ ಅಂತ ಅನ್ನಿಸುವುದಿಲ್ಲ. ಕೇಳಿದ್ದು ತಪ್ಪು ಜನರನ್ನು, ಅಷ್ಟೇ. ಮಕ್ಕಳನ್ನು ಮುಂದೆ ಬಿಟ್ಟವರಲ್ಲಿ ಇನ್ನೊಂದು ಗುಂಪಿನ ಅಪ್ಪ ಅಮ್ಮಂದಿರೂ ಇದ್ದರಲ್ಲ. ನ್ಯೂ ಆರ್ಲಿಯನ್ಸಿನ ರಸ್ತೆಯಲ್ಲಿ ಮಕ್ಕಳ ಶವಪೆಟ್ಟಿಗೆಯಂಥ ಡಬ್ಬದಲ್ಲಿ ಕಪ್ಪು ಬೊಂಬೆಯನ್ನು ಇಟ್ಟು ರೂಬಿಗೆ ತೋರಿಸುತ್ತಿದ್ದವರು. ಅವರ ಮಕ್ಕಳೂ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದರು. ಆ ಪ್ರಶ್ನೆಯನ್ನು ಕೇಳಬೇಕಾದದ್ದು ಅವರನ್ನು.

ಇಲ್ಲಿ ಡೊರೊಥಿ ಕೌಂಟ್ಸ್ ಮನೆಯವರನ್ನು ನೆನೆಯಲೇಬೇಕು. 1957ರ ಸೆಪ್ಟೆಂಬರ್ 4ರಂದು 15 ವರ್ಷದ ಡೊರೊಥಿ, ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿ ಹಾರ್ಡಿಂಗ್ ಹೈಸ್ಕೂಲಿಗೆ ಕಾಲಿಟ್ಟಳು. ಉಗುಳಿದರು, ಕಲ್ಲು ಕಡ್ಡಿ ಎಸೆದರು, ಊಟದ ತಟ್ಟೆಗೆ ಕಸ ಹಾಕಿದರು. ಕರೆದುಕೊಂಡು ಹೋಗಲು ಬಂದ ಅಣ್ಣನ ಕಾರಿನ ಗಾಜು ಒಡೆದರು. ನಾಲ್ಕು ದಿನ ಕಳಿಸಿದ ಮೇಲೆ ಅಪ್ಪ ಹರ್ಮನ್ ಕೌಂಟ್ಸ್ ಮಗಳನ್ನು ಆ ಶಾಲೆಯಿಂದ ಬಿಡಿಸಿ ಬೇರೆ ಊರಿಗೆ ಓದಲು ಕಳಿಸಿದರು. ಆತ ದೇವಶಾಸ್ತ್ರದ ಪ್ರೊಫೆಸರ್. ಇತಿಹಾಸ ಬರೆಯುವವರು ಇಂಥದ್ದನ್ನು ಸೋಲಿನ ಪಟ್ಟಿಗೆ ಸೇರಿಸುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಕಳಿಸುವುದು ಅಪ್ಪನ ಧೈರ್ಯವಾದರೆ, ಇಡೀ ದೇಶ ನೋಡುತ್ತಿರುವಾಗ ಸಾಕು ಬಾ ಮಗಳೇ ಅನ್ನುವುದೂ ಧೈರ್ಯವೇ. ಸನ್ಮಾನದ ಪಟ್ಟಿ ಮಾಡುವುದಾದರೆ ಹರ್ಮನ್ ಕೌಂಟ್ಸ್ ಹೆಸರು ಮೇ ಬರ್ತಾ ಹೆಸರಿನ ಪಕ್ಕದಲ್ಲೇ ಇರಬೇಕು.

ಅಮೆರಿಕದ ಈ ಕಥೆ ಓದುವಾಗ ಕನ್ನಡದವರಿಗೆ ಧಾರವಾಡ ನೆನಪಾಗಬೇಕು. 1856ರ ಜೂನ್‌ನಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ಎಲ್ಲರ ಹಾಗೆ ಫೀಸು ಕೊಡಲು ಸಿದ್ಧವಿದ್ದರೂ ಧಾರವಾಡದ ಸರ್ಕಾರಿ ಶಾಲೆಗೆ ನನ್ನನ್ನು ಸೇರಿಸಿಕೊಳ್ಳುತ್ತಿಲ್ಲ ಅಂತ. ಟೊಪೀಕಾಕ್ಕಿಂತ 94 ವರ್ಷ ಹಿಂದೆ. ಸರ್ಕಾರದ ಉತ್ತರ ಏನು ಗೊತ್ತಾ? ನ್ಯಾಯ ಈ ಹುಡುಗನ ಕಡೆಗೇ ಇದೆ. ಆದರೆ ಒಬ್ಬನೇ ಒಬ್ಬನಿಗೋಸ್ಕರ ಉಳಿದವರಿಗೆಲ್ಲ ಶಾಲೆಯೇ ಇಲ್ಲದ ಹಾಗೆ ಮಾಡಲು ಆಗುವುದಿಲ್ಲ. 1958ರಲ್ಲಿ ಅಮೆರಿಕದ ದಕ್ಷಿಣದ ಯಾವ ಗವರ್ನರ್ ಬೇಕಾದರೂ ಇದಕ್ಕೆ ಕೆಳಗೆ ಸಹಿ ಹಾಕುತ್ತಿದ್ದ. ಇಂಥ ಹುಡುಗನಿಗೆ ಬಂಗಾಳದಲ್ಲಿ ಪ್ರವೇಶ ನಿರಾಕರಿಸುತ್ತಿರಲಿಲ್ಲ ಅಂತ ಕಲ್ಕತ್ತಾದ ಸರ್ಕಾರ ಆಕ್ಷೇಪ ಎತ್ತಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗಕ್ಕೂ ತೆರೆದಿರಬೇಕು ಅಂತ ಬರೆದು ಕಳಿಸಿದರು. ಕಾಗದದ ಮೇಲೆ ಪ್ರಶ್ನೆ ಮುಗಿಯಿತು. ಊರುಗಳಲ್ಲಿ ಹೇಗಿತ್ತು ಅನ್ನುವುದಕ್ಕೆ, ಅದಾದ ಎಷ್ಟೋ ವರ್ಷಗಳ ಮೇಲೆ ಶಾಲೆಯಲ್ಲಿ ಕೂರಲು ಮನೆಯಿಂದ ಗೋಣಿತಾಟು ಹೊತ್ತುಕೊಂಡು ಹೋದ ಅಂಬೇಡ್ಕರ್ ಸಾಕ್ಷಿ.

ಧಾರವಾಡದ ಪ್ರಸಂಗವನ್ನು ಅಂಬೇಡ್ಕರ್ ತಮ್ಮ ಬರಹದಲ್ಲಿ ದಾಖಲಿಸಿದ್ದಾರೆ. ಆ ಕಡತಗಳು ಮಾತಾಡುವುದು 'ಒಬ್ಬ ಮಹಾರ್ ಹುಡುಗ'ನ ಬಗ್ಗೆ. 1856ರ ಧಾರವಾಡದಲ್ಲಿ ಫೀಸಿನ ದುಡ್ಡು ಹೊಂದಿಸಿ, ಹೋಗಿ ಕೇಳು ಅಂತ ಮಗನನ್ನು ಕಳಿಸಿದ ಒಂದು ಮನೆ ಇರಲೇಬೇಕು. ಆ ಮನೆಯವರಿಗೆ ಆಮೇಲೆ ಊರಿನ ಬಾವಿ, ಹಾದಿ, ಕೂಲಿ ಹೇಗಿತ್ತು ಅನ್ನುವುದನ್ನು ಕ್ಲ್ಯಾರೆಂಡನ್ ಕಥೆ ಓದಿದವರು ಊಹಿಸಿಕೊಳ್ಳಬಹುದು. ನಮ್ಮಲ್ಲಿ ಸರ್ಕಲ್ಲಿಗೊಂದು ಪ್ರತಿಮೆ ಇದೆ. ಆ ಮನೆಯವರ ನೆನಪಿಗೆ ಧಾರವಾಡದ ಯಾವುದಾದರೂ ಸರ್ಕಾರಿ ಶಾಲೆಯ ಗೋಡೆಗೆ ಒಂದು ಕಲ್ಲು ಹಾಕಿಸುವುದಕ್ಕೆ ಎಷ್ಟು ಖರ್ಚಾದೀತು?

ಅಮೆರಿಕದಲ್ಲಾದರೂ ಗೌರವ ತಡವಾಗಿಯೇ ಬಂತು. 2004ರಲ್ಲಿ ಅಲ್ಲಿನ ಸಂಸತ್ತು ತನ್ನ ಅತಿ ದೊಡ್ಡ ಗೌರವವಾದ ಚಿನ್ನದ ಪದಕವನ್ನು ಡಿಲೇನ್, ಲೀವೈ ಪಿಯರ್ಸನ್, ಹ್ಯಾರಿ ಮತ್ತು ಇಲೈಜಾ ಬ್ರಿಗ್ಸ್ ಅವರಿಗೆ ಕೊಟ್ಟಿತು. ನಾಲ್ವರೂ ತೀರಿಕೊಂಡಿದ್ದರು. ಹ್ಯಾರಿ 1986ರಲ್ಲಿ, ಇಲೈಜಾ 1998ರಲ್ಲಿ. ಪದಕ ಹೋದದ್ದು ಮಕ್ಕಳ ಕೈಗೆ. ಇನ್ನು ಅವರು ಯಾವ ಶಾಲೆಗಾಗಿ ಹೋರಾಡಿದರೋ ಕ್ಲ್ಯಾರೆಂಡನ್ ಕೌಂಟಿಯ ಆ ಸಮ್ಮರ್ಟನ್ ಊರಿನಲ್ಲಿ ಬಿಳಿಯರು ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಹಾಕಿದರು. ಸರ್ಕಾರಿ ಶಾಲೆಯಲ್ಲಿ ಉಳಿದವರು ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಮಕ್ಕಳೇ. ಇಂಗ್ಲಿಷ್ ಮೀಡಿಯಂ ಬೋರ್ಡು ಬಿದ್ದ ಮೇಲೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಯಾರ ಮಕ್ಕಳು ಉಳಿದರು ಅಂತ ನೋಡಿದವರಿಗೆ ಇದು ಅರ್ಥವಾಗುತ್ತದೆ. ನಾನೂ ಮಗಳನ್ನು ಸೇರಿಸಿದ್ದು ಖಾಸಗಿ ಶಾಲೆಗೇ.

ಐದು ಕೇಸುಗಳಲ್ಲಿ ಸುಪ್ರೀಂ ಕೋರ್ಟಿಗೆ ಮೊದಲು ತಲುಪಿದ್ದು ಸಮ್ಮರ್ಟನ್ನಿನವರದ್ದು. ಆದರೆ ಇದು ಬರೀ ದಕ್ಷಿಣದ ಸಮಸ್ಯೆ ಅಂತ ಕಾಣಬಾರದು ಅಂತ ಕಾನ್ಸಾಸಿನ ಕೇಸನ್ನು ಮುಂದಿಟ್ಟರು ಅನ್ನುವುದು ಒಬ್ಬ ನ್ಯಾಯಮೂರ್ತಿ ಮುಂದೆ ಹೇಳಿದ ಮಾತು. ಹಾಗಾಗಿ ಕೆಲಸ, ಮನೆ, ಹಸು ಕಳೆದುಕೊಂಡವರ ಹೆಸರು ಒಳಪುಟಕ್ಕೆ ಹೋಯಿತು. ತೀರ್ಪಿಗೆ ಬ್ರಿಗ್ಸ್ ಅವರ ಹೆಸರನ್ನೇ ಇಡಬೇಕು ಅಂತ ಆ ಕುಟುಂಬಗಳ ಮುಂದಿನ ತಲೆಮಾರಿನವರು ಈಚಿನ ವರ್ಷಗಳಲ್ಲೂ ಕೇಳುತ್ತಿದ್ದಾರೆ. ಕಾನೂನು ಪುಸ್ತಕಗಳಲ್ಲಿ ಹೆಸರು ಇನ್ನೂ ಬ್ರೌನ್ ಅಂತಲೇ ಇದೆ.